ಬಾಳೆಕಂದು ಕಟ್ಟಿದ ಮೇಲೆ ಮಾತು ಬಿಟ್ಟ ಕಂಬಗಳು

ಮೊದಲು ಹೀಗೆ ಬರೆದಿದ್ದೆ: "ಆ ಬೆಳಗ್ಗೆ ಅಕ್ಕನ ದ್ರಾಕ್ಷಿತೋಟದ ಮೇಲೆ ತೆಳ್ಳಗೆ ಮಂಜು ಹಾಸಿತ್ತು." ಓದಿ ನೋಡಿ ಹೊಡೆದುಹಾಕಿದೆ. ಮಂಜು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹಳೆಯದನ್ನು ಬರೆಯಲು ಕೂತರೆ ಸಾಕು, ಕೈ ತಾನಾಗಿ ಮಂಜು ಹಾಸುತ್ತದೆ, ಕೋಳಿ ಕೂಗಿಸುತ್ತದೆ. ತಮಾಷೆ ಏನೆಂದರೆ, ಆ ತೋಟದಲ್ಲಿ ತೇವ ಅಳೆಯುವುದಕ್ಕೆಂದೇ ನಾನು ಆಗ ಯಂತ್ರಗಳನ್ನು ಕಟ್ಟಿದ್ದೆ. ಅವು ಬರೆದಿಟ್ಟಿದ್ದನ್ನು ತೆಗೆದು ನೋಡಿದೆ. ಆ ಹೊತ್ತು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿ, ಜನವರಿ ಒಂದು ಎಂದಿದೆ. ಆಗ ಅಕ್ಕ ಹುಟ್ಟಿರಲಿಲ್ಲ, ತೋಟವಂತೂ ಇರಲೇ ಇಲ್ಲ. ಯಂತ್ರದ ನೆನಪಿನ ಹಣೆಬರಹ ಇಷ್ಟು. ನನ್ನದನ್ನು ಎಷ್ಟು ನಂಬಬೇಕು ಎಂದು ನೀವೇ ತೀರ್ಮಾನಿಸಿ.

ಅಕ್ಕನನ್ನು ಕೊಟ್ಟಿರುವ ಊರು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ. ಇಳಿಯುವ ವಿಮಾನಗಳ ಹೊಟ್ಟೆ ಕಾಣುವಷ್ಟು ಹತ್ತಿರ. ಮನೆಯ ಹಿಂದೆಯೇ ತೋಟ: ಸಾಲಾಗಿ ಕಲ್ಲುಕಂಬ, ಮೇಲೆ ತಂತಿಯ ಚಪ್ಪರ, ಚಪ್ಪರದ ತುಂಬ ಬಳ್ಳಿ. ಡ್ರಿಪ್ಪಿನ ವಾಲ್ವು ತಿರುಗಿಸುವುದು ಭಾವನ ಕೆಲಸ. ಯಾವ ವಾಲ್ವು, ಎಷ್ಟು ಹೊತ್ತು ಎಂದು ಹೇಳುವುದು ಅಕ್ಕನ ಕೆಲಸ. ಅವಳು ಬೆಳಗ್ಗೆ ಸಂಜೆ ಬುಡದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾಳೆ. ಉಂಡೆ ಕಟ್ಟಿದರೆ ಬೇಡ, ಉದುರಿದರೆ ಬೇಕು, ಎರಡೂ ಅಲ್ಲದಿದ್ದರೆ ಒಂದು ಕ್ಷಣ ಆಕಾಶ ನೋಡಿ ಏನೋ ಒಂದು ಹೇಳುತ್ತಾಳೆ. ಈ ಮಣ್ಣು ಹಿಸುಕುವ ಕೆಲಸದಿಂದಾಗಿ, ತೋಟ ಹಾಕಿದಾಗಿನಿಂದ ಅವಳು ಬೇರೆ ಮನೆಯಲ್ಲಿ ಮಲಗಿದ್ದಿಲ್ಲ. ನಮ್ಮ ಮನೆಗೆ ಹಬ್ಬಕ್ಕೆ ಬಂದರೂ ಊಟದ ಎಲೆ ಎತ್ತುವ ಮುಂಚೆ ಬಸ್ಸಿನ ಹೊತ್ತು ಕೇಳುತ್ತಿದ್ದಳು.

ಆ ವರ್ಷ ಊರಿನ ಮಹಿಳಾ ಸಂಘದವರು ಬಾಡಿಗೆಗೆ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಮುರುಡೇಶ್ವರ ಅಂತ ಹೊರಟಿದ್ದರು. ವಿಜಯದಶಮಿಯ ಬೆಳಗ್ಗೆ ಹೊರಡುವುದು. ಅಕ್ಕ ತಾನೂ ಬರುತ್ತೇನೆ ಎಂದು ಹೇಳಿಬಿಟ್ಟಿದ್ದಳು. ಭಾವ ಬೇಡ ಅನ್ನಲಿಲ್ಲ. ಅವರು ಯಾವತ್ತೂ ಬೇಡ ಅನ್ನುವವರಲ್ಲ. ಹಣ್ಣು ಬಣ್ಣ ತಿರುಗುತ್ತಿದೆ, ಈಗ ನೀರು ಜಾಸ್ತಿಯಾದರೆ ಸೀಳಿಬಿಡುತ್ತದೆ, ಕಮ್ಮಿಯಾದರೆ ಸೊರಗುತ್ತದೆ, ಮಣ್ಣು ನೋಡುವವರು ಯಾರು ಎಂದು ಕೇಳಿದರು ಅಷ್ಟೆ. ತಾವೇ ನೋಡಬಹುದಲ್ಲ ಎಂದು ಅಕ್ಕ ಅಂದಾಗ ಬಗ್ಗಿ ಒಂದು ಹಿಡಿ ಹಿಸುಕಿದರಂತೆ. ತುಂಬ ಹೊತ್ತು ಹಿಸುಕಿ, "ಮಣ್ಣಿದ್ದಂಗೇ ಐತೆ" ಅಂದರಂತೆ.

ಆಗ ಅಕ್ಕ ನನಗೆ ಫೋನ್ ಮಾಡಿದಳು. "ನೀನು ಕಾಲೇಜಲ್ಲಿ ತಂತಿ ಇಲ್ದೆ ಮಾತಾಡೋ ಡಬ್ಬಿ ಪಾಠ ಮಾಡ್ತೀಯಲ್ಲ, ಅವು ಮಣ್ಣು ನೋಡ್ತಾವಾ?" ಎಂದಳು. ನೋಡುತ್ತವೆ ಎಂದೆ. "ಹಂಗಾರೆ ತಂದು ಹಾಕು ಕಣೋ. ನಾನು ಒಂದ್ ದಪ ಟ್ರಾವೆಲರ್ ಹತ್ಬೇಕು."

ನಾನು ನೆಲಮಂಗಲದ ಕಡೆ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ನನ್ನದೇ ವಿಷಯ. ಕಿಟಕಿಯಾಚೆ ಹೆದ್ದಾರಿ ಲಾರಿಗಳ ಸದ್ದು, ಒಳಗೆ ನನ್ನ ಸದ್ದು, ನಡುವೆ ನಿದ್ದೆ ಮಾಡುವ ಕ್ಲಾಸು. ಬೋರ್ಡಿನ ಮೇಲೆ ನಾನು ಬಿಡಿಸುತ್ತಿದ್ದ ಹೊಲ ಯಾವಾಗಲೂ ಅಚ್ಚುಕಟ್ಟಾದ ಚೌಕ. ಅದರೊಳಗೆ ಒಂದೇ ಅಂತರದಲ್ಲಿ ದುಂಡು ದುಂಡಗೆ ಸೆನ್ಸರುಗಳು. ಆ ಹೊಲಕ್ಕೆ ಇಲಿ ಬರುತ್ತಿರಲಿಲ್ಲ, ಮಳೆ ಬೀಳುತ್ತಿರಲಿಲ್ಲ. ಮುಖ್ಯವಾಗಿ, ಅಲ್ಲಿ ಯಾವ ಹಬ್ಬವೂ ಇರಲಿಲ್ಲ.

ಭಾವ ಒಪ್ಪಿದರು. ಆದರೆ ಒಂದು ಷರತ್ತು. ಹೊರಡುವ ಹೊತ್ತಿಗೆ ಪ್ರತಿಯೊಂದು ಡಬ್ಬಿಯೂ ಮಾತಾಡುತ್ತಿರಬೇಕು. ಒಂದು ಸುಮ್ಮನಿದ್ದರೂ ಪ್ರವಾಸ ಇಲ್ಲ. ಇನ್ನೊಂದು ಷರತ್ತು ಅವರದ್ದಲ್ಲ, ಪಂಚಾಂಗದ್ದು. ಆಗ ಪಿತೃಪಕ್ಷ ನಡೆಯುತ್ತಿತ್ತು, ಹೊಸದೇನನ್ನೂ ಶುರು ಮಾಡುವಂತಿಲ್ಲ. ಹಾಗಾಗಿ ಡಬ್ಬಿಗಳೆಲ್ಲ ಅಕ್ಕನ ಮನೆಯ ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿಗಳ ಪಕ್ಕ ಕಾದು ಕೂತವು. ನವರಾತ್ರಿ ಹಿಡಿದ ದಿನ ಇಳಿಸಿ, ಅರಿಶಿನ ಕುಂಕುಮ ಇಟ್ಟು, ಕಂಬಗಳಿಗೆ ಎದೆಯೆತ್ತರದಲ್ಲಿ ಕಟ್ಟಿದೆವು. ಪ್ರತಿ ಡಬ್ಬಿಯಿಂದ ಒಂದು ಕಡ್ಡಿ ಮಣ್ಣಿಗೆ ಇಳಿದಿತ್ತು, ಒಂದು ಚಿಕ್ಕ ಆಂಟೆನಾ ಮೇಲಕ್ಕೆ ನಿಂತಿತ್ತು.

ಕಟ್ಟುವಾಗ ಭಾವನಿಗೆ ವಿವರಿಸಿದೆ. ಈ ಡಬ್ಬಿಗಳ ದನಿ ಬಹಳ ಸಣ್ಣದು. ತೋಟದ ಕೊನೆಯಲ್ಲಿರುವುದು ಕೂಗಿದರೆ ಮನೆಗೆ ಕೇಳಿಸುವುದಿಲ್ಲ. ಅದಕ್ಕೇ ಅದು ಪಕ್ಕದ ಕಂಬಕ್ಕೆ ಪಿಸುಗುಟ್ಟುತ್ತದೆ, ಆ ಕಂಬ ಇನ್ನೊಂದಕ್ಕೆ, ಹೀಗೆ ಕಿವಿಯಿಂದ ಕಿವಿಗೆ ದಾಟಿ ಸುದ್ದಿ ಅಡುಗೆಮನೆ ಕಿಟಕಿಯ ಮೇಲಿರುವ ದೊಡ್ಡ ಡಬ್ಬಿಗೆ ಬರುತ್ತದೆ. ಅಲ್ಲಿಂದ ಫೋನಿಗೆ. ಮಾತಾಡುವ ಕಂಬ ಫೋನಿನಲ್ಲಿ ಹಸಿರು ಚುಕ್ಕಿ, ಮಾತಾಡದ್ದು ಕೆಂಪು.

"ನಮ್ಮೂರಾಗೆ ಸುದ್ದಿ ಹಂಗೇ ಓಡೋದು. ಆದ್ರೆ ಬರೋಷ್ಟ್ರಲ್ಲಿ ನೆಗಡಿ ಆದೋನು ಸತ್ತೋಗಿರ್ತಾನೆ" ಎಂದರು ಭಾವ.

ಅದಕ್ಕೂ ವ್ಯವಸ್ಥೆ ಇದೆ, ತಪ್ಪಿದ ಸುದ್ದಿಯನ್ನು ಕಂಬ ಗುರುತು ಹಿಡಿದು ಬಿಸಾಡುತ್ತದೆ ಎಂದೆ. ಅಂಥ ಒಂದು ಕಂಬವನ್ನು ಊರಿನ ಅರಳಿಕಟ್ಟೆಗೂ ಹಾಕಲು ಬರುತ್ತದಾ ಎಂದು ಕೇಳಿದರು.

ಬ್ಯಾಟರಿ ಉಳಿಯಬೇಕಾದ್ದರಿಂದ ಈ ಡಬ್ಬಿಗಳು ದಿನದ ಬಹುಪಾಲು ನಿದ್ದೆ ಮಾಡುತ್ತವೆ. ಎಲ್ಲವೂ ಒಂದೇ ಹೊತ್ತಿಗೆ ಎದ್ದು, ಎರಡು ಮಾತಾಡಿ, ಮತ್ತೆ ಮಲಗಬೇಕು. ಯಾವುದಾದರೊಂದರ ಗಡಿಯಾರ ತುಸು ಹಿಂದೆ ಬಿದ್ದರೆ ಕೆಲಸ ಕೆಟ್ಟಿತು. ಒಂದು ಎದ್ದು ಮಾತಾಡುವಾಗ ಇನ್ನೊಂದು ಮಲಗಿರುತ್ತದೆ, ಅದು ಏಳುವಾಗ ಇದು ಮಲಗಿರುತ್ತದೆ. ಇದನ್ನು ಹೇಳಿದಾಗ ಅಕ್ಕ ಭಾವನ ಮುಖ ನೋಡಿದಳು. ಭಾವ ಚಪ್ಪರ ನೋಡಿದರು.

ಫೋನಿನಲ್ಲಿ ಕಂಬಗಳಿಗೆ ನಾನು ನಂಬರು ಕೊಟ್ಟಿದ್ದೆ. ಅಕ್ಕನಿಗೆ ಅದು ಹಿಡಿಸಲಿಲ್ಲ. ನೆಂಟರನ್ನೇ ಕರೆತಂದು ನಿಲ್ಲಿಸಿದಳು. ಯಾವಾಗ ನೋಡಿದರೂ ತೇವ ನೂರಕ್ಕೆ ನೂರು ಅನ್ನುವ ಕಂಬ ಸೋದರತ್ತೆ. "ಮಣ್ಣು ಒಣಗಿ ಬಿರುಕು ಬಿಟ್ಟಿರ್ತೈತೆ, ಇವಳ ಅಳು ನಿಂತಿರಲ್ಲ" ಎನ್ನುತ್ತಿದ್ದಳು. ಮನೆಗೆ ಹತ್ತಿರದ ಕಂಬ ಚಿಕ್ಕಮ್ಮ. ಎಲ್ಲರ ಸುದ್ದಿಯೂ ಅದರ ಮೂಲಕವೇ ದಾಟಬೇಕಾದ್ದರಿಂದ ಅದರ ಬ್ಯಾಟರಿ ಎಲ್ಲರಿಗಿಂತ ಮೊದಲು ಸೋತು ಎರಡನೇ ಬ್ಯಾಟರಿ ಹಾಕಿದ್ದಾಗಿತ್ತು. ಮೂಲೆಯಲ್ಲಿದ್ದು, ಕೂಗಿದ್ದಕ್ಕೆ ಆಗೊಮ್ಮೆ ಈಗೊಮ್ಮೆ ಮಾತ್ರ ಓಗೊಡುವುದು ದೊಡ್ಡಪ್ಪ. ನಮ್ಮ ದೊಡ್ಡಪ್ಪ ನಿಜಕ್ಕೂ ಹಾಗಿದ್ದರೋ, ಅಥವಾ ಆ ಕಂಬದ ದೆಸೆಯಿಂದ ಈಗ ನನಗೆ ಹಾಗೆ ನೆನಪಾಗುತ್ತಾರೋ ಹೇಳಲಾರೆ.

ಕೆಲವು ದಿನ ಎಲ್ಲ ಸರಿಯಾಗಿ ನಡೆಯಿತು. ಬೆಳಗ್ಗೆ ಅಕ್ಕ ಮಣ್ಣು ಹಿಸುಕುವಳು, ಭಾವ ಫೋನು ನೋಡುವರು, ಇಬ್ಬರ ಮಾತೂ ಒಂದೇ ಆದಾಗ ಭಾವ ತಾವೇ ಗೆದ್ದಂತೆ ಬೀಗುವರು. ಯಂತ್ರದ ಮೇಲೆ ಅವರಿಗೆ ಮಮತೆಯೇ ಹುಟ್ಟಿತು. ತೋಟಕ್ಕೆ ಬಂದವರಿಗೆಲ್ಲ, "ಮೆತ್ತಗೆ ಮಾತಾಡಿ, ಅವು ಮಲ್ಗವೆ" ಎನ್ನುತ್ತಿದ್ದರು. ಈ ಮಮತೆಯೇ ಮುಂದಿನ ಫಜೀತಿಗೆ ಕಾರಣ.

ಆಯುಧಪೂಜೆಯ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಎಲ್ಲಿ, ಏನು ಮಾಡುತ್ತಿದ್ದೆ ಎಂಬುದರಲ್ಲಿ ಜಗಳವಿದೆ. ಟ್ರ್ಯಾಕ್ಟರಿನ ಪೂಜೆಗೆ ನಿಂಬೆಹಣ್ಣು ಇಡುತ್ತಿದ್ದೆ ಎಂದು ನನ್ನ ನೆನಪು. ಅಡುಗೆಮನೆಯಲ್ಲಿ ಒಬ್ಬಟ್ಟು ಮೇಯುತ್ತಿದ್ದೆ ಎಂದು ಅಕ್ಕನ ಹೇಳಿಕೆ. ಒಬ್ಬಟ್ಟಿನ ಬಿಸಿ ಬೆರಳಿಗೆ ತಾಗಿದ್ದು ನನಗೂ ಚೆನ್ನಾಗಿ ನೆನಪಿದೆ, ಆದ್ದರಿಂದ ಅಕ್ಕನ ಮಾತೇ ಇರಲಿ. ಅಂತೂ ನಾನು ತೋಟದಲ್ಲಿರಲಿಲ್ಲ. ಭಾವ ಟ್ರ್ಯಾಕ್ಟರು, ಪಂಪು, ಗುದ್ದಲಿ, ಮಚ್ಚು ಎಲ್ಲಕ್ಕೂ ಪೂಜೆ ಮುಗಿಸಿದ್ದಾರೆ. ಆಮೇಲೆ ಈ ಡಬ್ಬಿಗಳೂ ಆಯುಧವೇ ಅಲ್ಲವೇ ಎಂದು ಅವರಿಗೆ ಅನ್ನಿಸಿದೆ. ಹೊಸ ಆಯುಧ, ಮನೆಗೆ ಬಂದ ಮೊದಲ ಹಬ್ಬ. ಒಂದು ಕಟ್ಟು ಬಾಳೆಕಂದು ಹೊತ್ತುಕೊಂಡು ಹೋಗಿ, ಪ್ರತಿ ಕಂಬಕ್ಕೂ ಆ ಕಡೆ ಒಂದು ಈ ಕಡೆ ಒಂದು ಬಿಗಿಯಾಗಿ ಕಟ್ಟಿ, ಸೇವಂತಿಗೆ ಹಾರ ಹಾಕಿ, ಡಬ್ಬಿಗೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಸ್ನಾನ ಮಾಡಿದ ಮಗುವನ್ನು ನೋಡುವ ಹಾಗೆ ನೋಡಿಕೊಂಡು ಬಂದಿದ್ದಾರೆ.

ಊಟಕ್ಕೆ ಕೂತಾಗ ಫೋನು ತೆಗೆದೆ. ಚಿಕ್ಕಮ್ಮ ಕೆಂಪು. ಸೋದರತ್ತೆ ಕೆಂಪು. ತೋಟಕ್ಕೆ ತೋಟವೇ ಕೆಂಪು.

ನಾನು ಅನ್ನ ಬಿಟ್ಟು ಎದ್ದೆ. ಬಾಳೆಯೆಲೆ ಸರಿಸಿಕೊಂಡು ಡಬ್ಬಿ ಬಿಚ್ಚಿದೆ, ಬ್ಯಾಟರಿ ಬದಲಿಸಿದೆ, ಬಾಳೆಯೆಲೆ ಸರಿಸಿಕೊಂಡು ಮುಚ್ಚಿದೆ. ಕಿಟಕಿಯ ದೊಡ್ಡ ಡಬ್ಬಿಯನ್ನು ಆರಿಸಿ ಹಚ್ಚಿದೆ. ಕಂಪ್ಯೂಟರಿನ ಮುಂದೆ ಕೂತು ನಾನೇ ಬರೆದ ಪ್ರೋಗ್ರಾಮನ್ನು ಅನುಮಾನದಿಂದ ಓದಿದೆ. ಮತ್ತೆ ತೋಟಕ್ಕೆ ಹೋದೆ, ಬಾಳೆಯೆಲೆ ಮುಖಕ್ಕೆ ಬಡಿಯಿತು, ಸರಿಸಿದೆ. ವಿಮಾನಗಳೇ ಕಾರಣ ಎಂದರು ಭಾವ. ಹಬ್ಬಕ್ಕೆ ಊರಿಗೆ ಹೋಗುವವರು ಜಾಸ್ತಿ, ವಿಮಾನ ಜಾಸ್ತಿ, ಅವು ಹೋಗುವಾಗ ನಮ್ಮ ಸಿಗ್ನಲ್ಲನ್ನೂ ಎಳೆದುಕೊಂಡು ಹೋಗುತ್ತವೆ ಎಂಬುದು ಅವರ ಸಿದ್ಧಾಂತ. ಆ ಹೊತ್ತಿಗೆ ನನ್ನ ಬಳಿ ಅದಕ್ಕಿಂತ ಒಳ್ಳೆಯ ಸಿದ್ಧಾಂತ ಇರಲಿಲ್ಲ. ತಲೆಯೆತ್ತಿ ಒಂದೆರಡು ವಿಮಾನಗಳನ್ನು ಗುರಾಯಿಸಿ ನೋಡಿದ್ದೂ ಉಂಟು.

ಅಕ್ಕ ಮಂಚದ ಮೇಲೆ ಮಡಿಸಿಟ್ಟಿದ್ದ ಸೀರೆಗಳನ್ನು ಬ್ಯಾಗಿಗೆ ತುಂಬುವುದನ್ನು ನಿಲ್ಲಿಸಿ, ಹಿತ್ತಿಲಿನಲ್ಲಿ ಪಾತ್ರೆ ಉಜ್ಜಲು ಕೂತಳು. ಪಾತ್ರೆಗಳು ಯಾಕೋ ಬಹಳ ಸದ್ದು ಮಾಡುತ್ತಿದ್ದವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ, ಹಿತ್ತಿಲಿನಲ್ಲಿ ಕಟ್ಟಿದ್ದ ಮನೆಯ ಮೇಕೆಗಳು ತೋಟಕ್ಕೆ ನುಗ್ಗಿದವು.

ಇಲ್ಲಿ ಮೂರು ಹೇಳಿಕೆಗಳಿವೆ. ಮೇಕೆಗಳು ತಾವೇ ಹಗ್ಗ ಕಿತ್ತುಕೊಂಡವು ಎಂದು ಅಕ್ಕ. ಆಗ ಜಗಲಿಯ ಮೇಲೆ ನಿದ್ದೆ ಮಾಡುತ್ತಿದ್ದೆ, ಏನೂ ಗೊತ್ತಿಲ್ಲ ಎಂದು ಭಾವ. ನನಗೆ ನೆನಪಿರುವುದು ಹಿತ್ತಿಲಿನಲ್ಲಿ ಪಾತ್ರೆಯ ಸದ್ದು ನಿಂತದ್ದು, ಆಮೇಲೆ ಗೂಟದಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಹಗ್ಗಗಳು. ಕಿತ್ತ ಹಗ್ಗವನ್ನು ಮೇಕೆ ಸುತ್ತಿಡುವುದಿಲ್ಲ. ಆದರೆ ಆ ಹಗ್ಗ ನೋಡಿದ್ದು ಅವತ್ತೋ ಮಾರನೇ ದಿನವೋ ಎಂಬುದು ಗಟ್ಟಿಯಿಲ್ಲ. ಹೀಗೆ ಬೇರೆ ಬೇರೆ ಕಂಬಗಳು ಬೇರೆ ಬೇರೆ ಹೇಳಿದಾಗ ಸರಾಸರಿ ತೆಗೆಯಿರಿ ಎಂದು ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ. ಸರಾಸರಿ ತೆಗೆದರೆ, ಮೇಕೆಗಳನ್ನು ಅಕ್ಕ ಅರ್ಧ ಬಿಚ್ಚಿದ್ದಾಳೆ, ಮಿಕ್ಕರ್ಧ ಅವೇ ಕಿತ್ತುಕೊಂಡಿವೆ.

ಚಪ್ಪರ ಎತ್ತರದಲ್ಲಿದ್ದುದರಿಂದ ದ್ರಾಕ್ಷಿ ಎಲೆ ಮೇಕೆಗಳಿಗೆ ಎಟುಕಲಿಲ್ಲ. ಎಟುಕಿದ್ದು ಬಾಳೆ. ನಾನು ಓಡಿಹೋಗುವಷ್ಟರಲ್ಲಿ ಚಿಕ್ಕಮ್ಮನ ಕಂಬದ ಎರಡೂ ಕಂದುಗಳನ್ನು ನೆಲಕ್ಕೆ ಕೆಡವಿ ದಿಂಡಿನ ಸಮೇತ ಮೇಯುತ್ತಿದ್ದವು. ಕೋಲು ಎತ್ತಿದೆ. ಜೇಬಿನಲ್ಲಿ ಫೋನು ಟಿಣ್ ಎಂದಿತು. ತೆಗೆದು ನೋಡಿದರೆ ಚಿಕ್ಕಮ್ಮ ಹಸಿರು.

ಕೋಲು ಇಳಿಸಿದೆ. ಮೇಕೆಗಳು ಪಕ್ಕದ ಕಂಬಕ್ಕೆ ಹೋದವು. ಅಲ್ಲಿಯ ಬಾಳೆ ನೆಲಕ್ಕೆ ಬಿತ್ತು, ಸ್ವಲ್ಪ ಹೊತ್ತಿಗೆ ಆ ಕಂಬವೂ ಮಾತಾಡಿತು.

ಆಗ ತಲೆಗೆ ಹೊಳೆಯಿತು. ರೇಡಿಯೋ ಅಲೆಯನ್ನು ನೀರು ಕುಡಿದುಬಿಡುತ್ತದೆ. ಬಾಳೆಕಂದು ಅಂದರೆ ಏನು? ನಾರಿನ ಬಟ್ಟೆ ತೊಟ್ಟ ನೀರು. ಮೊದಲೇ ಪಿಸುಮಾತು, ಅದರ ಎರಡೂ ಕಿವಿಗೆ ಭಾವ ಒಂದೊಂದು ಕೊಡ ನೀರು ಕಟ್ಟಿದ್ದರು. ಕಂಬಗಳು ಒಂದಕ್ಕೊಂದು ಕೇಳಿಸದೆ, ತಮಗೇ ಏನೋ ಆಗಿದೆ ಎಂದುಕೊಂಡು ತಾವಾಗಿ ಆರಿ ಮತ್ತೆ ಹೊತ್ತಿಕೊಂಡಿದ್ದವು. ಹಾಗೆ ಹೊತ್ತಿಕೊಂಡಾಗ ಅವುಗಳ ಗಡಿಯಾರ ಮೊದಲಿಗೆ ಹೋಗುತ್ತದೆ. ಕಂಪ್ಯೂಟರುಗಳ ಹಾಗೆ ಅವುಗಳ ಪಾಲಿಗೂ ಕಾಲದ ಮೊದಲು ಎಂದರೆ ಎಪ್ಪತ್ತನೇ ಇಸವಿಯ ಜನವರಿ ಒಂದು. ಗಿಡ ಮರ ಒದ್ದೆಯಿದ್ದಷ್ಟೂ ಸಂಕೇತ ಕುಂದುತ್ತದೆ ಎಂದು ನಾನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಬೋರ್ಡಿನ ಮೇಲೆ ಬರೆದ ಗಿಡ ಒದ್ದೆಯಾಗಿರುವುದಿಲ್ಲ, ಅದೇ ತೊಂದರೆ.

ಮಚ್ಚು ತರಲು ಮನೆಗೆ ಓಡಿದೆ. ಎಚ್ಚರವಿದ್ದ ಅಥವಾ ಎಚ್ಚರವಾದ ಭಾವ ಅಡ್ಡ ನಿಂತರು. ಪೂಜೆಗೆ ಇಟ್ಟ ಮಚ್ಚನ್ನು ಅವತ್ತು ಮುಟ್ಟುವಂತಿಲ್ಲ. ಸರಿ, ಕೈಯಲ್ಲೇ ಕೀಳುತ್ತೇನೆ ಎಂದೆ. ಅದೂ ಆಗದು. ಕಟ್ಟಿದ ಬಾಳೆಯನ್ನು ಮಾರನೇ ದಿನ ಮತ್ತೆ ಪೂಜೆ ಮಾಡಿ ಕದಲಿಸಬೇಕು, ಅಲ್ಲಿಯವರೆಗೆ ಆಯುಧಕ್ಕೆ ವಿಶ್ರಾಂತಿ. ಟ್ರಾವೆಲರ್ ಬರುವುದು ಬೆಳಕು ಹರಿಯುತ್ತಿದ್ದಂತೆ, ಭಾವನ ಪೂಜೆ ರಾಹುಕಾಲ ನೋಡಿಕೊಂಡು ಬಿಸಿಲೇರಿದ ಮೇಲೆ.

"ಪೂಜೆ ಮಾಡಿದ್ದನ್ನ ನಾವೇ ಕಿತ್ತಾಕೋದಾ? ತೋಟಕ್ಕೆ ಒಳ್ಳೇದಲ್ಲ ಕಣಪ್ಪಾ" ಎಂದರು. ಹೇಳುವಾಗ ದನಿ ಸಣ್ಣದಾಗಿತ್ತು. ಅವರಿಗೆ ನಿಜವಾಗಿಯೂ ಭಯವಿತ್ತು.

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಗುದ್ದಲಿಗೆ ರಜಾ, ಮಚ್ಚಿಗೆ ರಜಾ, ಆ ಡಬ್ಬಿಗೂ ರಜಾ" ಎಂದಳು. "ಬೆಳಗ್ಗೆ ನನ್ ಹಣೆಗೂ ಒಂದಿಷ್ಟು ವಿಭೂತಿ ಬಳ್ದಿದ್ರೆ ಆಗ್ತಿತ್ತಲ್ಲ, ನಾನೂ ಕೂತ್ಕೊತಿದ್ದೆ."

ಭಾವ ಟವೆಲ್ಲು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. ಮನುಷ್ಯರು ಕೀಳಬಾರದು ಅಂತ ಶಾಸ್ತ್ರ, ಮೇಕೆಗಳಿಗೆ ಏನೂ ಹೇಳಿಲ್ಲ ಎಂದು ಯಾರೋ ಅಂದರು. ನಾನೇ ಇರಬೇಕು. ಭಾವ ಯೋಚಿಸಿ, ಮೇಕೆಯನ್ನು ಓಡಿಸುವುದು ತಮ್ಮ ಧರ್ಮ, ಆದರೆ ಹಬ್ಬದ ದಿನ ಮೂಕಪ್ರಾಣಿಗೆ ಹೊಡೆಯುವುದೂ ಸರಿಯಲ್ಲ ಎಂದು ಜಗಲಿಗೆ ಹೋಗಿ ತೋಟಕ್ಕೆ ಬೆನ್ನು ಮಾಡಿ ಕೂತರು.

ಅವತ್ತು ಸಂಜೆಯವರೆಗೂ ನಾನೂ ಅಕ್ಕನೂ ಮೇಕೆಗಳ ಹಿಂದೆ ನಡೆದೆವು. ಕಂಬದಿಂದ ಕಂಬಕ್ಕೆ ಅವು ಹೋದಂತೆ ಚುಕ್ಕಿಗಳು ಹಸಿರಾದವು. ಆ ತೋಟದಲ್ಲಿ ಸುದ್ದಿ ದಾಟಬೇಕಾದ ದಾರಿಯನ್ನು ಮನೆ ಕಡೆಯಿಂದಲೇ ಶುರುಮಾಡಿ ಒಂದೊಂದಾಗಿ ತೆರೆಯುತ್ತ ಹೋದವು. ನಾನು ಯೋಜನೆ ಹಾಕಿದ್ದರೂ ಅಷ್ಟು ಕ್ರಮವಾಗಿ ಹಾಕುತ್ತಿರಲಿಲ್ಲ. ಸೋದರತ್ತೆ ಎದ್ದ ಕೂಡಲೇ ನೂರಕ್ಕೆ ನೂರು ಎಂದು ಶುರು ಮಾಡಿದಳು. "ಬಂದ್ಳು" ಎಂದಳು ಅಕ್ಕ. ಆದರೆ ಕೊನೆಯ ಮೂಲೆಗೆ ಇನ್ನೇನು ತಲುಪಬೇಕು ಅನ್ನುವಾಗ ಮೇಕೆಗಳ ಹೊಟ್ಟೆ ತುಂಬಿತು. ದೊಡ್ಡಪ್ಪನ ಬಾಳೆಯನ್ನು ಮೂಸಿ ನೋಡಿ ಮುಖ ತಿರುಗಿಸಿದವು. ಅಕ್ಕ ಬೆಲ್ಲ ಸವರಿದಳು. ಬೆಲ್ಲ ನೆಕ್ಕಿದವು, ಬಾಳೆ ಮುಟ್ಟಲಿಲ್ಲ. ಒಂದಂತೂ ಕಂಬಕ್ಕೆ ಒರಗಿ ಮಲಗಿಯೇಬಿಟ್ಟಿತು. ಎಲ್ಲವನ್ನೂ ಎಳೆದು ತಂದು ಮನೆಮುಂದೆ ಕಟ್ಟಿದೆವು.

ಮಾರನೇ ಬೆಳಗ್ಗೆ (ಮಂಜಿನ ಬಗ್ಗೆ ನಾನು ಏನೂ ಹೇಳುವುದಿಲ್ಲ) ಟ್ರಾವೆಲರ್ ಬಂದು ಗೇಟಿನ ಮುಂದೆ ಹಾರ್ನ್ ಹೊಡೆಯಿತು. ಒಳಗೆ ಸಂಘದವರೆಲ್ಲ ಒಂದೇ ಬಣ್ಣದ ಸೀರೆ ಉಟ್ಟು ಕೂತಿದ್ದರು. ಅಕ್ಕನೂ ಅದೇ ಬಣ್ಣದ್ದನ್ನು ಉಟ್ಟು, ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ಹೋಗುತ್ತೇನೆ ಎಂದು ಎದ್ದು ಹೋಗಿಬಿಡಬಹುದಿತ್ತು. ಹಾಗೆ ಹೋಗಲು ಅವಳಿಗೆ ಇಷ್ಟವಿರಲಿಲ್ಲ. ಹಣ್ಣು ಅವಳದ್ದೇ, ಅದು ಸೀಳಿದರೆ ಯಾವ ದೇವರ ಮುಂದೆ ನಿಂತರೂ ಅದೇ ಕಣ್ಣಿಗೆ ಕಟ್ಟುತ್ತಿತ್ತು. ನಾನು ಫೋನು ಹಿಡಿದು ನಿಂತಿದ್ದೆ. ತೋಟವೆಲ್ಲ ಹಸಿರು, ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ.

ಭಾವ ಫೋನು ಇಸಿದುಕೊಂಡು ನೋಡಿದರು. ಅಕ್ಕನನ್ನು ನೋಡಿದರು. ಟ್ರಾವೆಲರಿನ ಕಿಟಕಿಗಳಿಂದ ಇಣುಕುತ್ತಿದ್ದ ಮುಖಗಳನ್ನು ನೋಡಿದರು. ಮೋಟರು ಆಫಾಗಿದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆ ಎಂದು ಫೋನು ನನ್ನ ಕೈಗೆ ಕೊಟ್ಟು ತೋಟಕ್ಕೆ ಹೋದರು. ಮೋಟರು ಇರುವುದು ಮನೆಯ ಪಕ್ಕದಲ್ಲಿ. ಅವರು ಹೋದದ್ದು ತೋಟದೊಳಕ್ಕೆ.

ಟ್ರಾವೆಲರಿನವನು ಮತ್ತೆ ಹಾರ್ನ್ ಹೊಡೆದ. ಒಳಗಿಂದ ಒಬ್ಬಾಕೆ, ಬರೋದಾದ್ರೆ ಬಾ ಇಲ್ದಿದ್ರೆ ಇಲ್ಲ ಅನ್ನು, ಉಡುಪೀಲಿ ಬಾಗ್ಲಾಕ್ತಾರೆ ಎಂದು ಕೂಗಿ ಹೇಳಿದಳು. ಅಕ್ಕ ಅಲ್ಲಾಡಲಿಲ್ಲ.

ಫೋನು ಟಿಣ್ ಎಂದಿತು. ದೊಡ್ಡಪ್ಪ ಓಗೊಟ್ಟಿದ್ದ.

ಸ್ವಲ್ಪ ಹೊತ್ತಿಗೆ ಭಾವ ಬಂದರು. ಮೊಣಕಾಲವರೆಗೆ ಮಣ್ಣು, ಅಂಗಿಯ ಮೇಲೆ ಬಾಳೆಯ ಕಲೆ. ಬಾಳೆಯ ಕಲೆ ಹೋಗುವಂಥದ್ದಲ್ಲ. ಆ ಅಂಗಿ ಈಗಲೂ ಅವರ ಮನೆಯಲ್ಲಿದೆ, ನನ್ನ ಈ ಇಡೀ ಬರಹದಲ್ಲಿ ಅನುಮಾನವಿಲ್ಲದ ಸಂಗತಿ ಅದೊಂದೇ.

"ಮೇಕೆ ನುಗ್ಗಿರ್ಬೇಕು" ಎಂದರು, ಯಾರೂ ಕೇಳದಿದ್ದರೂ.

ಮೇಕೆಗಳು ನಮ್ಮೆದುರಿಗೇ ಕಟ್ಟಿಹಾಕಿದ್ದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಅಕ್ಕ ಅವುಗಳನ್ನು ನೋಡಿದಳು, ಅಂಗಿಯನ್ನು ನೋಡಿದಳು.

"ಹೂಂ. ಎರಡು ಕಾಲಿನ ಮೇಕೆ" ಎಂದು ಬ್ಯಾಗು ಎತ್ತಿಕೊಂಡು ಎದ್ದಳು.

ಭಾವ ಗೇಟಿನವರೆಗೂ ಹಿಂದೆಯೇ ಹೋಗಿ, ಸಮುದ್ರಕ್ಕೆ ಜಾಸ್ತಿ ಒಳಗೆ ಇಳಿಯಬೇಡ, ಹುಷಾರು, ದುಡ್ಡು ಸೆರಗಿಗೆ ಕಟ್ಟಿಕೋ ಎಂದೆಲ್ಲ ಹೇಳುತ್ತಿದ್ದರು. ಅಕ್ಕನ ಕಣ್ಣು ಆಗಲೇ ಟ್ರಾವೆಲರಿನೊಳಗೆ ಹೋಗಿತ್ತು. ಕಿಟಕಿ ಪಕ್ಕದ ಒಂದೇ ಒಂದು ಸೀಟು ಖಾಲಿಯಿತ್ತು, ಅದರ ಮೇಲೆ ಯಾರೋ ಚಕ್ಕುಲಿ ಡಬ್ಬ ಇಟ್ಟಿದ್ದರು. ಬಾಗಿಲು ಎಳೆದುಕೊಂಡಿತು, ಗಾಡಿ ಹೊರಟಿತು. ಡಬ್ಬ ಯಾರದ್ದು, ಡಬ್ಬಕ್ಕೂ ಕಿಟಕಿ ಬೇಕಾ, ಅದಕ್ಕೇನು ವಾಂತಿ ಬರ್ತದಾ ಎಂದು ಅಕ್ಕ ಜಗಳ ಹಿಡಿದದ್ದು ಗೇಟಿನವರೆಗೂ ಕೇಳಿಸುತ್ತಿತ್ತು. ಊರಬಾಗಿಲ ತಿರುವಿನಲ್ಲಿ ಗಾಡಿ ನಿಧಾನವಾಯಿತು. ಆ ಕಿಟಕಿಯ ಗಾಜು ಪೂರ್ತಿ ಹಿಂದಕ್ಕೆ ಸರಿಯಿತು.